ಹುಚ್ಚಣ್ಣನ ಬೀರುವಿನಲ್ಲಿದ್ದ ಕಾರ್ಡು

ಹೆಗ್ಗದ್ದೆ ಪಕ್ಕದ ಕಾಫಿ ಎಸ್ಟೇಟಿನಲ್ಲಿ ಹುಚ್ಚಣ್ಣ ಮೂವತ್ತೊಂದು ವರ್ಷದಿಂದ ರೈಟರ್. ಹಾಜರಿ ಬರೆಯುವುದು, ಸ್ಟೋರಿನ ಬೀಗ ಕಾಯುವುದು, ಸಾಹುಕಾರರ ಬೈಗುಳವನ್ನು ಲೈನಿನ ಸಾಲುಮನೆಗಳ ಆಳುಗಳಿಗೆ ತಲುಪಿಸುವುದು ಅವನ ಕೆಲಸ. ಅಸ್ಸಾಮಿನ ಆಳುಗಳು ಬರತೊಡಗಿದ ಮೇಲೆ ಇನ್ನೊಂದು ಸೇರಿಕೊಂಡಿತು. ಬಂದ ದಿನವೇ ಅವರ ಆಧಾರ್ ಕಾರ್ಡು ಇಸಿದುಕೊಂಡು ಸ್ಟೋರಿನ ಬೀರುವಿನಲ್ಲಿಡುವುದು. ಮಳೆಗಾಲ ಹಿಡಿಯುವ ತನಕ ವಾಪಸಿಲ್ಲ. "ಕಾರ್ಡ್ ಇಲ್ಲಿದ್ರೆ ಕಾಲೂ ಇಲ್ಲೇ ಇರ್ತವೆ ಕಣ್ರೀ" ಎನ್ನುತ್ತಿದ್ದ. ಅದು ತಪ್ಪೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ಆ ಮೇ ತಿಂಗಳಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಗಡಿ ಎಲ್ಲೋ, ಘಾಟಿ ಎಲ್ಲೋ. ಆದರೂ ಘಾಟಿಯ ಮಾರನಹಳ್ಳಿ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಕಾರ್ಡು ನೋಡತೊಡಗಿದರು. ಒಂದು ದಿನ ಆ ದಾರಿಯಲ್ಲಿ ಬಸ್ಸಿನಲ್ಲಿ ಬಂದ ಹುಚ್ಚಣ್ಣನನ್ನು ಯಾರೂ ಕಾರ್ಡು ಕೇಳಲಿಲ್ಲ. ಬೇರೆ ಭಾಷೆಯಲ್ಲಿ ಬಾಯಿ ಬಿಟ್ಟವರನ್ನು ಮಾತ್ರ ಇಳಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ಅಸ್ಸಾಮಿನ ರವಿ ಸ್ಟೋರಿನ ಬಾಗಿಲಿಗೆ ಬಂದ. "ರೈಟರ್, ಅಮ್ಮ ಜಾಸ್ತಿ ದಿನ ಇಲ್ಲ. ಊರಿಗೆ ಹೋಗಬೇಕು. ಕಾರ್ಡ್ ಕೊಡಿ."

"ನಿಮ್ಮ ಅಮ್ಮಂದಿರೆಲ್ಲಾ ಕೆಲ್ಸದ ಟೈಮಿಗೇ ಮಲಗ್ತಾರಲ್ಲೋ ಮಾರಾಯ!" ಎಂದು ಹುಚ್ಚಣ್ಣ ನಕ್ಕ. ಹಿಂದಿನ ವರ್ಷ ಕನಿಕರಪಟ್ಟು ಕಾರ್ಡು ಕೊಟ್ಟ ಮೂವರು ತಿರುಗಿ ಬಂದಿರಲಿಲ್ಲ. ಸಾಹುಕಾರರು ಲೈನಿನವರೆದುರೇ ಅವನ ಮಾನ ಕಳೆದಿದ್ದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಸಾಹುಕಾರರು ಮದುವೆಗೆಂದು ಮೈಸೂರಿಗೆ ಹೋಗಿದ್ದರು, ಫೋನ್ ಎತ್ತಲಿಲ್ಲ. "ನಾಳೀಕೆ ಅವ್ರನ್ನ ಕೇಳಿ ಕೊಡ್ತೀನಿ, ಹೋಗು" ಎಂದ. ಬೀಗದಕೈ ಅವನ ಸೊಂಟದಲ್ಲೇ ಇತ್ತು.

ರವಿ ಕಾಯಲಿಲ್ಲ, ಮಧ್ಯಾಹ್ನದ ಬಸ್ಸು ಹತ್ತಿದ. ಮಾರನಹಳ್ಳಿಯಲ್ಲಿ ಇಳಿಸಿದರು. ಮೊಬೈಲಿನಲ್ಲಿದ್ದ ಕಾರ್ಡಿನ ಫೋಟೋ ತೋರಿಸಿದರೆ ಅಸಲಿ ಎಲ್ಲಿ ಎಂದರು. ರೈಟರ್ ಹತ್ತಿರ ಐತೆ ಎಂದದ್ದನ್ನು ಯಾರೂ ನಂಬಲಿಲ್ಲ. ವಿಚಾರಣೆಗೆಂದು ಠಾಣೆಯಲ್ಲಿ ಕೂರಿಸಿದರು.

ರವಿಯ ಹೆಂಡತಿ ಆಶಾ ಅಳುತ್ತ ಬಂದು ಹೇಳಿದಾಗ ಹುಚ್ಚಣ್ಣ ಲೆಕ್ಕ ಹಾಕಿದ. ಕಾರ್ಡು ಒಯ್ದರೆ ಬಿಡುತ್ತಾರೆ, ಆದರೆ ಅದು ನಿನ್ನ ಹತ್ತಿರ ಯಾಕೆ ಬಂತು ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ, ಇವತ್ತು ನಾಳೆ ಎನ್ನುತ್ತ ನಾಲ್ಕು ದಿನ ಕಳೆದ. ಹೇಡಿತನಕ್ಕೆ ನೆವಗಳ ಬರವೇ! ಐದನೆಯ ದಿನ ಆಶಾ ಸ್ಟೋರಿನ ಬಾಗಿಲು ಬಿಟ್ಟು ಏಳದೇ ಹೋದಾಗ ಕಾರ್ಡು ತೆಗೆದುಕೊಂಡು ಹೊರಟ.

"ಲೈನಲ್ಲೇ ಮರ್ತು ಹೋಗ್ಬುಟ್ಟಿದ್ದ ಸಾರ್, ಬುದ್ಧಿ ಇಲ್ದವ್ನು" ಎಂದು ಠಾಣೆಯಲ್ಲಿ ಹೇಳಿದ. ಬೆಂಚಿನ ಮೇಲಿದ್ದ ರವಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಆದರೂ ಅವನು ತಪ್ಪು ತನ್ನದೇ ಎಂದು ಪೊಲೀಸರು ಬರೆದಿದ್ದ ಹಾಳೆಗೆ ಸಹಿ ಹಾಕಿದ.

ಹೊರಗೆ ಬಂದ ಮೇಲೆ ಹುಚ್ಚಣ್ಣನಿಗೆ ಅವನ ಮುಖ ನೋಡಲು ನಾಚಿಕೆಯಾಯಿತು. ಕಾರ್ಡನ್ನು ಅವನ ಕೈಗಿತ್ತು, "ಈಗ್ಲೇ ಹೊಂಟ್ಬುಡು ಕಣೋ, ಸಾಹುಕಾರ್ರಿಗೆ ನಾನ್ ಹೇಳ್ಕತೀನಿ" ಎಂದ. ರವಿ ಊರಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಿದ. ತಾಯಿ ಅದೇ ಬೆಳಿಗ್ಗೆ ತೀರಿಹೋಗಿದ್ದಳು. ರಾತ್ರಿಯೆಲ್ಲ, ದೊಡ್ಡವನು ಬಂದನಾ ಎಂದು ಕೇಳುತ್ತಿದ್ದಳಂತೆ.

ರವಿ ಕಣ್ಣೊರೆಸಿಕೊಂಡು ಕಾರ್ಡನ್ನು ಹುಚ್ಚಣ್ಣನ ಜೇಬಿಗೇ ಹಾಕಿದ.

"ಇಟ್ಕೊಳ್ಳಿ ರೈಟರ್" ಎಂದ. "ಈಗ ಊರಿಗೆ ಹೋಗೋ ಕೆಲಸ ಇಲ್ಲ."