ಗೇರ್‌ಬಾಕ್ಸಿನ ಮೇಲಿಟ್ಟ ಕಾಲು

ನಮ್ಮ ಗಾಡಿಯಲ್ಲಿ ಗೇರ್‌ಬಾಕ್ಸಿನ ಬಿಸಿ ನೋಡುತ್ತಿದ್ದದ್ದು ಉಸ್ತಾದರ ಎಡಗಾಲು. ಕೇಳಿದವರು ನಗುತ್ತಾರೆ. ನಗಲಿ. ಇಪ್ಪತ್ತೆರಡು ವರ್ಷ ಆ ಕಾಲನ್ನು ನಂಬಿಕೊಂಡೇ ನಾವಿಬ್ಬರು ಶಿಕಾರಿಪುರ, ಸೊರಬದ ರಸ್ತೆಗಳಲ್ಲಿ ಕೆಟ್ಟು ನಿಂತ ಲಾರಿ, ಬಸ್ಸುಗಳನ್ನು ಎಳೆದು ತಂದಿದ್ದೇವೆ.

ಹಳೆಯ ಲಾರಿಯೊಂದರ ಹಿಂಭಾಗ ಬಿಚ್ಚಿಸಿ, ಕ್ರೇನ್ ಕೂರಿಸಿ ಮಾಡಿಕೊಂಡ ಗಾಡಿ ಅದು. ಖಾಲಿ ಓಡುವಾಗ ಅದಕ್ಕೆ ಯಾವ ತಕರಾರೂ ಇಲ್ಲ. ಇನ್ನೊಂದು ಲಾರಿಯ ಮೂತಿ ಎತ್ತಿ ಹಿಂದೆ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಏರು ಹತ್ತಿಸುವಾಗ ಮಾತ್ರ ಗೇರ್‌ಬಾಕ್ಸ್ ಕಾಯತೊಡಗುತ್ತದೆ. ಕಾದರೆ ಒಳಗಿನ ಆಯಿಲ್ ನೀರಿನಷ್ಟು ತೆಳುವಾಗುತ್ತದೆ, ಹಲ್ಲಿಗೆ ಹಲ್ಲು ತಿಕ್ಕುತ್ತದೆ. ಆಮೇಲೆ ಎಳೆಯಲು ಹೋದವರನ್ನೇ ಇನ್ನೊಬ್ಬರು ಬಂದು ಎಳೆಯಬೇಕು. ಎಲ್ಲಿ ನಿಲ್ಲಿಸಿ ತಣಿಸಬೇಕು ಅನ್ನುವುದು ಈ ಕೆಲಸದ ಅರ್ಧ ವಿದ್ಯೆ.

ಉಸ್ತಾದರು ಸ್ಟೀರಿಂಗ್ ಹಿಡಿಯುವ ಮೊದಲು ಎಡಗಾಲಿನ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಕ್ಲಚ್ ತುಳಿಯುವ ಕೆಲಸವಿಲ್ಲದಾಗ ಆ ಬರಿಗಾಲು ಪಕ್ಕದ ತಗಡಿನ ಮುಚ್ಚಳದ ಮೇಲಿರುತ್ತಿತ್ತು. ಮುಚ್ಚಳದ ಕೆಳಗೇ ಗೇರ್‌ಬಾಕ್ಸ್. ಅದರ ಮೇಲಿದ್ದ ರಬ್ಬರ್ ಚಾಪೆಯನ್ನು ಅವರೇ ಕಿತ್ತು ಬಿಸಾಡಿದ್ದರು. ಅಂಗಾಲು ಊರಿ ಹತ್ತು ಎಣಿಸುವುದು. ಹತ್ತರವರೆಗೆ ತಡೆಯಲಾದರೆ ಹೋಗಬಹುದು. ಏಳಕ್ಕೋ ಎಂಟಕ್ಕೋ ಕಾಲು ತಾನಾಗಿ ಎದ್ದರೆ ಮರದ ನೆರಳು ನೋಡಿ ನಿಲ್ಲಿಸಬೇಕು. ಇಷ್ಟೇ ಲೆಕ್ಕ. ಇಷ್ಟರಿಂದಲೇ ನಮ್ಮ ಗೇರ್‌ಬಾಕ್ಸ್ ಸುತ್ತಮುತ್ತಲಿನ ಎಲ್ಲರ ಗಾಡಿಗಳಿಗಿಂತ ಹೆಚ್ಚು ಬಾಳಿತು.

ನಾನು ಹೊಸಬಾಳೆಯವನು. ಗದ್ದೆ ಅಣ್ಣಂದಿರ ಪಾಲಿಗಿರಲಿ ಎಂದು ಬಿಟ್ಟು, ಇಪ್ಪತ್ತು ದಾಟಿದ ಮೇಲೆ ಶಿಕಾರಿಪುರಕ್ಕೆ ಬಂದು ಅವರ ಗ್ಯಾರೇಜು ಸೇರಿದೆ. ಸೇರಿದ ಹೊಸತರಲ್ಲಿ ಒಂದು ದಿನ ಅವರು ಹತ್ತು ಎಣಿಸಿ "ಹೋಗಬಹುದು" ಅಂದರು. ನಾನು ಸುಮ್ಮನಿರಲಾರದೆ ಬಗ್ಗಿ ಆ ತಗಡಿನ ಮೇಲೆ ಅಂಗೈ ಇಟ್ಟು ನೋಡಿದೆ. ಅವರ ಮುಖ ಕಪ್ಪಿಟ್ಟಿತು.

"ನಾನು ನೋಡಿ ಹೇಳಿದ್ಮೇಲೂ ನೀನು ನೋಡ್ಬೇಕೇನೋ?"

ಅಷ್ಟೇ. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ ಏನೂ ಆಗದವರಂತೆ ಚಹಾ ಕುಡಿಸಿದರು. ಆ ಎರಡು ದಿನದಲ್ಲಿ ನಾನು ಅನುಭವಿಸಿದ ಅವಮಾನ ನನಗೇ ಗೊತ್ತು. ಅಂದಿನಿಂದ ಆ ತಗಡನ್ನು ಮುಟ್ಟಿದವನಲ್ಲ. ಒರೆಸುವಾಗಲೂ ಬಟ್ಟೆ ಹಿಡಿದೇ ಒರೆಸುತ್ತಿದ್ದೆ.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು. ಮಾತ್ರೆ ನುಂಗುತ್ತಿದ್ದರು, ಮೇಲೆ ಎರಡು ಜಿಲೇಬಿಯನ್ನೂ ನುಂಗುತ್ತಿದ್ದರು. ಒಂದು ಬೆಳಿಗ್ಗೆ ಆನವಟ್ಟಿಯ ಹೋಟೆಲಿಗೆ ಒಂದೇ ಚಪ್ಪಲಿಯಲ್ಲಿ ಬಂದು ಕುಳಿತರು. ಇನ್ನೊಂದು ರಸ್ತೆಯ ಆಚೆ ಬಿದ್ದಿತ್ತು. ಎಡಗಾಲಿನದೇ. "ಉಸ್ತಾದ್ರೇ, ಅದನ್ನ ಯಾರಿಗೆ ದಾನ ಮಾಡಿದ್ರಿ?" ಎಂದು ನಾನು ಕೇಳಿದೆ, ಹೋಟೆಲಿನವರೆಲ್ಲ ನಕ್ಕರು, ಅವರೂ ನಕ್ಕರು. ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದ ಮನುಷ್ಯನಿಗೆ ಇನ್ನೇನು ಗೊತ್ತಾಗುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ನಾನಾದರೂ ಕೇಳಬೇಕಿತ್ತು. ದಿನಾ ಅವರ ಪಕ್ಕದಲ್ಲಿ ಕುಳಿತವನು ನಾನು.

ಅದೇ ವರ್ಷ ಗೇರ್ ಆಯಿಲ್ ಬದಲಿಸುವಾಗ ಕರ್ರಗೆ ಸೀದ ವಾಸನೆಯ ಆಯಿಲ್ ಇಳಿಯಿತು. ಹಿಂದೆಂದೂ ಹಾಗಾಗಿರಲಿಲ್ಲ. ನಾನು ಹೋಗಿ ಆಯಿಲ್ ಮಾರಿದವನ ಜೊತೆ ಜಗಳ ಆಡಿ ಬಂದೆ, ಕಲಬೆರಕೆ ಮಾಲು ಕೊಟ್ಟಿದ್ದೀಯ ಎಂದು. ಪಾಪ, ಅವನದೇನೂ ತಪ್ಪಿರಲಿಲ್ಲ. ಮೂರು ತಿಂಗಳಿಗೆ ಮತ್ತೆ ಅದೇ ಕಪ್ಪು, ಅದೇ ವಾಸನೆ. ಆಗ ಬಿಸಿ ತೋರಿಸುವ ಮೀಟರೊಂದನ್ನು ಹುಡುಕಿ ತಂದು, ಗೇರ್‌ಬಾಕ್ಸಿನ ಕೆಳಗೆ ಸೆನ್ಸರ್ ಕೂರಿಸಿ, ವೈರ್ ಎಳೆದು, ಸ್ಟೀರಿಂಗ್ ಪಕ್ಕ ಸಿಕ್ಕಿಸಿದೆ. ಕಾಲಿನ ಮೇಲೆ ಅನುಮಾನ ಬಂದು ತಂದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆಯಿಲಿನ ಮೇಲೆ ಅನುಮಾನ ಬಂದು ತಂದದ್ದು.

"ಡಾಕ್ಟ್ರು ಗಾಡಿಗೆ ಥರ್ಮಾಮೀಟರ್ ಇಟ್ಟಾರೆ ನೋಡ್ರಪ್ಪಾ" ಎಂದು ಉಸ್ತಾದರು ಹೋದಲ್ಲೆಲ್ಲ ನನ್ನನ್ನು ತೋರಿಸಿ ಹೇಳಿ ನಗಿಸಿದರು. ಮೊದಲ ವಾರವೇ ಮೀಟರು ನನ್ನ ಮರ್ಯಾದೆ ಕಳೆಯಿತು. ಸೊರಬದಲ್ಲಿ ಬೆಳಿಗ್ಗೆ ತಣ್ಣಗೆ ನಿಂತ ಗಾಡಿ, ಎಂಜಿನ್ ಇನ್ನೂ ಶುರು ಮಾಡಿಲ್ಲ, ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಕೆಂಪಿಗೆ ಹೋಗಿ ನಿಂತಿತು. ವೈರೊಂದು ಸಡಿಲವಾಗಿ ಗಾಡಿಯ ಕಬ್ಬಿಣಕ್ಕೆ ತಾಗುತ್ತಿತ್ತು. ಅದನ್ನು ನಾನೇ ಬಿಗಿ ಮಾಡಿದೆ. ಆಮೇಲೆ ಅದು ಒಂದು ದಿನವೂ ತಪ್ಪು ತೋರಿಸಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಉಸ್ತಾದರು ಆ ಕತೆ ಹೇಳಿದಾಗಲೆಲ್ಲ ಹಲ್ಲು ಕಿರಿಯುತ್ತಿದ್ದೆ.

ಆ ದಿನ ಆನವಟ್ಟಿಯ ಹತ್ತಿರ ಮೆಕ್ಕೆಜೋಳ ತುಂಬಿದ ಲಾರಿ ಕ್ಲಚ್ ಸುಟ್ಟುಕೊಂಡು ನಿಂತಿತ್ತು. ಅದನ್ನು ಶಿಕಾರಿಪುರಕ್ಕೆ ತರಬೇಕಿತ್ತು. ಲೋಡು ಇಳಿಸಿ ಎಂದರೆ ಅದರ ಡ್ರೈವರ್ ಕೈ ಮುಗಿದ. "ಹಮಾಲರು ಯಾರೂ ಸಿಗ್ತಿಲ್ಲ ಕಣ್ರೀ, ಹಂಗೇ ತಗೊಂಡ್ಹೋಗಿ."

ಉಸ್ತಾದರು ಒಪ್ಪಿಕೊಂಡರು. ಮಧ್ಯಾಹ್ನದ ಬಿಸಿಲು. ಶಿರಾಳಕೊಪ್ಪದವರೆಗೆ ಮುಳ್ಳು ಹದವಾಗಿತ್ತು. ಊರು ದಾಟಿದ ಮೇಲೆ ಏರತೊಡಗಿತು. ನೂರು ಡಿಗ್ರಿ ದಾಟಿತು.

"ಉಸ್ತಾದ್ರೇ, ಮುಳ್ಳು ಮೇಲೆ ಹೋಗ್ತಾ ಇದೆ. ಒಂಚೂರು ನಿಲ್ಸೋಣ್ವಾ?"

ಅವರು ಕಾಲೂರಿ ಎಣಿಸಿದರು. ಜೋರಾಗಿಯೇ, ನನಗೆ ಕೇಳಲಿ ಎಂದು. ಹತ್ತರ ಮೇಲೆ ಹನ್ನೊಂದು, ಹನ್ನೆರಡೂ ಎಣಿಸಿದರು. "ತಣ್ಣಗೈತೆ. ನಿನ್ನ ಥರ್ಮಾಮೀಟರಿಗೇ ಜ್ವರ ಬಂದೈತೆ."

ಇನ್ನೆರಡು ಮೈಲಿ ಹೋಗುವಷ್ಟರಲ್ಲಿ ಮುಳ್ಳು ಕೆಂಪು ಮುಟ್ಟಿತು. ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಇಷ್ಟು ದಿನ ಯಾರಿಗೂ ಹೇಳಿಲ್ಲ. ಕೈ ಹಾಕಿ ಮೀಟರಿನ ಹಿಂದಿನ ವೈರ್ ಕಿತ್ತುಬಿಟ್ಟೆ. ಮುಳ್ಳು ಸೊನ್ನೆಗೆ ಬಿತ್ತು. ಅವರ ಕಾಲು, ನನ್ನ ಮೀಟರು ಎರಡರ ನಡುವೆ ಯಾವುದು ನಿಜ ಎಂದು ನೋಡುವುದಕ್ಕಿಂತ ಒಂದರ ಬಾಯಿ ಮುಚ್ಚಿಸುವುದು ನನಗೆ ಸುಲಭವಾಯಿತು. ಉಸ್ತಾದರು ಓರೆಗಣ್ಣಲ್ಲಿ ನೋಡಿ, "ಈಗ ಬುದ್ಧಿ ಬಂತು" ಅಂದರು. ನನಗೆ ಖುಷಿಯೂ ಆಯಿತು.

ಮೊದಲು ಬಂದದ್ದು ವಾಸನೆ. ಆಮೇಲೆ ಕಟಕಟ ಸದ್ದು. ಮೂರನೇ ಗೇರಿಗೆ ಹಾಕಲು ಹೋದರೆ ಕಡ್ಡಿ ಅಲುಗಲಿಲ್ಲ. ಗಾಡಿ ನಡುರಸ್ತೆಯಲ್ಲಿ ನಿಂತಿತು, ಎಂಜಿನ್ನೂ ಬಂದ್ ಆಯಿತು. ನಾನು ಇಳಿಯಲೆಂದು ಎದ್ದವನು ಆಯತಪ್ಪಿ ಕೈ ಊರಿದ್ದು ಆ ತಗಡಿನ ಮೇಲೆ. ಕಾವಲಿ ಮುಟ್ಟಿದ ಹಾಗಾಗಿ ಕೈ ಹಿಂದಕ್ಕೆಳೆದೆ. ಎರಡು ಎಣಿಸುವಷ್ಟೂ ಇಡಲಾಗಲಿಲ್ಲ.

ಉಸ್ತಾದರ ಎಡಗಾಲು ಕ್ಲಚ್ ಬಿಟ್ಟು ಮತ್ತೆ ಅಲ್ಲೇ ಇತ್ತು. ಅಂಗಾಲು ಪೂರ್ತಿ ಊರಿತ್ತು. ಅವರು ಇನ್ನೂ ಗೇರ್ ಕಡ್ಡಿಯ ಜೊತೆ ಗುದ್ದಾಡುತ್ತಾ ಬೈಯುತ್ತಿದ್ದರು.

"ಉಸ್ತಾದ್ರೇ, ಕಾಲು ತೆಗೀರಿ" ಅಂದೆ.

"ಯಾಕೆ?" ಅಂದರು.

ನಾನೇ ಬಗ್ಗಿ ಅವರ ಕಾಲು ಹಿಡಿದು ಎತ್ತಿದೆ. ಅಂಗಾಲಿನ ಚರ್ಮ ಬೆಳ್ಳಗೆ ಬೊಬ್ಬೆಯೆದ್ದು ಹಿಮ್ಮಡಿಯ ಹತ್ತಿರ ಒಡೆದಿತ್ತು. ಸ್ವಲ್ಪ ತಗಡಿಗೆ ಅಂಟಿಕೊಂಡಿತ್ತು. ಅವರು ಮಂಡಿಯ ಮೇಲೆ ಕಾಲು ಹಾಕಿಕೊಂಡು ಅದನ್ನು ನೋಡಿದರು. ನೋವು ಅಂತ ಒಂದು ಮಾತಾಡಲಿಲ್ಲ. ನೋವೇ ಇರಲಿಲ್ಲ. ಅವರ ಮುಖದಲ್ಲಿ ನಾನು ಭಯ ಕಂಡದ್ದು ಅದೇ ಮೊದಲು. ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿದರು, ಮತ್ತೆ ಒತ್ತಿದರು, ಆಮೇಲೆ ನನ್ನ ಕಡೆ ತಿರುಗಿ, "ಏನೂ ಗೊತ್ತಾಗ್ತಿಲ್ವಲ್ಲೋ" ಅಂದರು.

ಗಾಯ ಮಾಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ಆಮೇಲೆ ಮಂಡಿಯ ಕೆಳಗಿನಿಂದ ಕಾಲನ್ನೇ ತೆಗೆದರು. ನರಗಳು ಸತ್ತು ಎರಡು ಮೂರು ವರ್ಷವೇ ಆಗಿರಬೇಕು ಎಂದು ಡಾಕ್ಟರು ಹೇಳಿದರು. ಎರಡು ಮೂರು ವರ್ಷ ಅವರು ಸತ್ತ ಕಾಲು ಊರಿಕೊಂಡು ಹತ್ತು ಎಣಿಸಿದ್ದಾರೆ, ನಾನು ಹೂಂ ಎಂದು ತಲೆಯಾಡಿಸಿದ್ದೇನೆ. ಸೀದ ಆಯಿಲ್ ಅದನ್ನೇ ಹೇಳುತ್ತಿತ್ತು. ಚಪ್ಪಲಿಯೂ ಅದನ್ನೇ ಹೇಳಿತ್ತು.

ಗೇರ್‌ಬಾಕ್ಸ್ ಬಿಚ್ಚಿ ಹೊಸ ಗೇರು ಕೂರಿಸಿ ಗಾಡಿ ಸರಿ ಮಾಡಿದೆ. ಮನುಷ್ಯರಿಗೆ ಹಾಗೆ ಸ್ಪೇರ್ ಸಿಗುವುದಿಲ್ಲ. ಈಗ ಗಾಡಿ ಓಡಿಸುವವನು ನಾನೇ. ಮೀಟರಿನ ವೈರ್ ಮತ್ತೆ ಹಾಕಿದ್ದೇನೆ. ನೂರು ಮುಟ್ಟುವ ಮೊದಲೇ ನಿಲ್ಲಿಸುತ್ತೇನೆ. ಗಾಡಿ ಆರುವವರೆಗೆ ಕೆಳಗಿಳಿದು ದೂರ ಹೋಗಿ ಕೂರುತ್ತೇನೆ. ಒಳಗಿದ್ದರೆ ಸೀಟಿನ ಕೆಳಗಿನ ಚಪ್ಪಲಿ ಕಾಣುತ್ತದೆ. ಎಸೆಯಲು ಮನಸ್ಸು ಬಂದಿಲ್ಲ, ಅವರಿಗೆ ತಲುಪಿಸಲು ಮುಖವಿಲ್ಲ.

ಹೋದ ವಾರ ಅವರನ್ನು ನೋಡಲು ಹೋಗಿದ್ದೆ. ಕಿಟಕಿಯ ಪಕ್ಕ ಮಂಚದ ಮೇಲೆ ಕುಳಿತಿದ್ದರು. ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುವವರು, ಒಳಗೆ ಚಹಾಕ್ಕೆ ಇಟ್ಟರು. ಸ್ವಲ್ಪ ಹೊತ್ತು ಡೀಸೆಲ್ ವಿಷಯ, ರಸ್ತೆ ವಿಷಯ ಮಾತಾಡಿದೆವು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ಮೀಟರ್ ಎಷ್ಟು ತೋರಿಸ್ತಿತ್ತೋ?"

"ಮೀಟರ್ ಕೆಟ್ಟಿತ್ತು ಉಸ್ತಾದ್ರೇ" ಅಂದೆ. ನನ್ನನ್ನು ಉಳಿಸಿಕೊಳ್ಳಲು ಹೇಳಿದೆನೋ, ಅವರ ಮನಸ್ಸು ಉಳಿಸಲು ಹೇಳಿದೆನೋ, ಈಗಲೂ ಗೊತ್ತಿಲ್ಲ.

"ಸರಿ. ಮೀಟರ್ ಕೆಟ್ಟಿತ್ತು, ನನ್ನ ಕಾಲೂ ಕೆಟ್ಟಿತ್ತು" ಅಂದರು. ನನ್ನ ಬಲಗೈ ಎಳೆದುಕೊಂಡು ಅಂಗೈ ಮೇಲೆ ಮಾಡಿ ಹೆಬ್ಬೆರಳಿನಿಂದ ಒತ್ತಿದರು. "ಇದು ಕೆಟ್ಟಿರ್ಲಿಲ್ವಲ್ಲೋ. ಒಂದ್ಸಲ ಮುಟ್ಟಿ ನೋಡಕ್ಕೆ ನಿಂಗೇನಾಗಿತ್ತು?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ. "ನೀವೇ ಅಲ್ವಾ ಉಸ್ತಾದ್ರೇ? ನಾನು ಹೊಸದಾಗಿ ಬಂದಾಗ ಅದರ ಮೇಲೆ ಕೈ ಇಟ್ಟೆ ಅಂತ ಎರಡು ದಿನ ಮಾತು ಬಿಟ್ಟಿದ್ರಲ್ಲ?"

ಅವರು ನನ್ನ ಕೈ ಹಿಡಿದುಕೊಂಡೇ ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

"ನಾನಾ?" ಅಂದರು. "ಯಾವಾಗ?"