ಮೆಲ್ದನಿ ಯಾರದು?

ವಿಜಯನಗರವನ್ನು ಯಾವ ವಂಶದ ನಂತರ ಯಾವ ವಂಶ ಆಳಿತೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೈಸ್ಕೂಲಿನಲ್ಲಿ ಬಹಳ ವರ್ಷ ಚರಿತ್ರೆ ಕಲಿಸಿದ ಫಲ ಅದು. ಆದರೆ ನಮ್ಮ ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೊದ ಒಡೆಯರು ಯಾರೆಂಬ ಪ್ರಶ್ನೆಯಲ್ಲಿ ಫೇಲಾಗಿಬಿಟ್ಟೆ.

ಅದು ತೊಂಬತ್ತರ ದಶಕದ ನಡುವೆ ಕೊಂಡ ‘ಮೆಲ್ದನಿ’ ರೇಡಿಯೊ. ಹೆಸರಿಗಷ್ಟೇ ಮೆಲ್ದನಿ, ಬೆಳಗಿನ ವಾರ್ತೆ ಹಾಕಿದರೆ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಅರ್ಧ ಮನೆಗಳಿಗೆ ಬೇರೆ ರೇಡಿಯೊ ಬೇಕಿರಲಿಲ್ಲ. ನಮ್ಮೂರಿನದೇ ಹೆಬ್ಬಾಳದ ಕಾರ್ಖಾನೆಯಲ್ಲಿ ತಯಾರಾದದ್ದು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ, ಕೆಸರೆಯ ಮಹದೇವಮ್ಮ, ಅಲ್ಲೇ ತಂತಿಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದರು. ಒಮ್ಮೆ ಮಗಳ ಅಂಕಪಟ್ಟಿಯ ವಿಷಯಕ್ಕೆ ಮನೆಗೆ ಬಂದವರು ಅಂಕಪಟ್ಟಿ ಮರೆತು ರೇಡಿಯೊವನ್ನೇ ತಿರುಗಿಸಿ, ಬೆನ್ನಿನ ನಂಬರು ನೋಡಿ, “ಇದು ನಮ್ ಲೈನಿಂದೇ ಕಣ್ರೀ ಮೇಡಂ!” ಎಂದು ಹಿಗ್ಗಿದ್ದರು.

ಆಮೇಲೆ ಕಂಪನಿ ಮುಂಬೈಯವರ ಕೈ ಸೇರಿತು. ಅವರು ಕಾರ್ಖಾನೆಗೆ ಬೀಗ ಹಾಕಿ, ಹೆಸರನ್ನು ಮಾತ್ರ ವಿದೇಶದವರಿಗೆ ಮಾರಿದರು. ಹೆಸರನ್ನು ಹೀಗೆ ಬಿಡಿಯಾಗಿ ಮಾರಬಹುದೆಂದು ನನಗೆ ಗೊತ್ತಾದದ್ದೇ ಆಗ. ನಮ್ಮ ಬೀದಿಯಲ್ಲಿ ಹೆಸರಿಟ್ಟ ಮನೆಗಳು ಬೇಕಾದಷ್ಟಿದ್ದವು. ಮನೆ ಬಿಟ್ಟು ಗೇಟಿನ ಫಲಕವನ್ನಷ್ಟೇ ಕೊಂಡುಹೋದವರನ್ನು ನಾನು ಕಂಡಿರಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೆಳಗ್ಗೆ ರೇಡಿಯೊ ವಾರ್ತೆಯ ನಡುವೆಯೇ ಮೌನವಾಯಿತು. ಹೊಸ ಒಡೆಯರ ಶೋರೂಮಿಗೆ ಹೊತ್ತುಕೊಂಡು ಹೋದೆ. ಮ್ಯಾನೇಜರು ನಯವಾಗಿ ಹೇಳಿದರು: “ಹೆಸರು ನಮ್ಮದು ಮೇಡಂ. ರೇಡಿಯೊ ನಮ್ಮದಲ್ಲ.”

ಇಂಥ ವಾಕ್ಯ ಕೇಳಿದ ಮೇಲೆ ನನ್ನಂಥವಳು ಸುಮ್ಮನಿರುವುದುಂಟೇ? ಮುಂಬೈಗೆ ಬರೆದೆ, ವಿದೇಶದವರನ್ನು ಕೇಳಿ ಎಂದರು. ಅವರಿಗೆ ಬರೆದೆ, ಮುಂಬೈಯವರನ್ನು ಕೇಳಿ ಎಂದರು. ಹೆಬ್ಬಾಳಕ್ಕೆ ಬರೆದ ಕಾಗದ ‘ವಿಳಾಸದಾರರಿಲ್ಲ’ ಎಂಬ ಷರಾ ಹೊತ್ತು ನನಗೇ ವಾಪಸಾಯಿತು. ಹೊಸದೊಂದು ತಂದರಾಯ್ತಲ್ಲ ಎಂದ ನಮ್ಮವರನ್ನು ಒಂದು ಸಲ ನೋಡಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ರೇಡಿಯೊವನ್ನು ಚೀಲಕ್ಕೆ ಹಾಕಿಕೊಂಡು ಕೆಸರೆಯ ಬಸ್ಸು ಹತ್ತಿದೆ.

ಮಹದೇವಮ್ಮ ರವಿಕೆ ಹೊಲಿಯುತ್ತಿದ್ದರು. ಚೀಲದಿಂದ ರೇಡಿಯೊ ಹೊರಬಂದದ್ದೇ ಅವರ ಮುಖ ಬಿಗಿದುಕೊಂಡಿತು.

“ಅದ್ರ ಎಸ್ರು ಎತ್‌ಬ್ಯಾಡಿ ಮೇಡಂ. ಒಂಬತ್ತು ವರ್ಸ ದುಡ್ದೆ. ಗೇಟಿಗೊಂದ್ ಚೀಟಿ ಅಂಟ್ಸಿ ಕಳುಸ್ಬುಟ್ರು.”

ನನಗೆ ನಾಚಿಕೆಯಾಯಿತು. ಕಾರ್ಖಾನೆ ಮುಚ್ಚಿದ್ದು ನನಗೆ ರಿಪೇರಿಯ ತೊಂದರೆಯಾಗಿ ಕಂಡಿತ್ತೇ ಹೊರತು ಈಕೆಯ ಅನ್ನದ ವಿಷಯವಾಗಿ ಹೊಳೆದೇ ಇರಲಿಲ್ಲ. ಹೊರಡಲು ಎದ್ದೆ. ಅಷ್ಟರಲ್ಲಿ ಅವರೇ, “ಇಷ್ಟ್ ದೂರ ಬಂದ್ಬುಟ್ಟಿದ್ದೀರ, ಕೊಡಿ ಇಲ್ಲಿ” ಎಂದು ಕೈಚಾಚಿ, ರೇಡಿಯೊದ ಬೆನ್ನು ಬಿಚ್ಚಿದರು. ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: “ನಾನ್ ಆಕಿದ್ದ ಬೆಸುಗೇನೇ ಬುಟ್ಟೋಗ್ಯದೆ ಮೇಡಂ.”

ಮೂರು ಕಂಪನಿಗಳಲ್ಲಿ ಯಾರೂ ಹೊರದ ಹೊಣೆಯನ್ನು ಕೆಲಸ ಕಳೆದುಕೊಂಡ ಈ ಹೆಂಗಸು ಹೊತ್ತಿದ್ದರು. ಟ್ರಂಕಿನ ತಳದಿಂದ ಬೆಸುಗೆಯ ಕಡ್ಡಿ ತೆಗೆದು, ಕಾಯಿಸಿ, ಒಂದು ಚುಕ್ಕಿ ಇಟ್ಟರು. ರೇಡಿಯೊ ಗರ್ಜಿಸಿತು, ಪಕ್ಕದ ಮನೆಯವರು ಇಣುಕಿದರು. ಮಹದೇವಮ್ಮ ಮಾತ್ರ ನಗಲಿಲ್ಲ.

“ಇನ್ನೆಷ್ಟ್ ಮನೇಲಿ ಬುಟ್ಟೋಗ್ಯವೋ! ನಾನೇ ಸರಿ ಮಾಡ್ಬೇಕು” ಎಂದರು.

ಮರುವಾರವೇ ಅವರ ಬಾಗಿಲಲ್ಲಿ ‘ಮೆಲ್ದನಿ ರಿಪೇರಿ’ ಎಂಬ ಬೋರ್ಡು ತೂಗಿತು. ಅಕ್ಷರ ನನ್ನದು, ಸ್ವಲ್ಪ ಸೊಟ್ಟ. ಊರೆಲ್ಲೆಡೆಯಿಂದ ಮೂಕ ರೇಡಿಯೊಗಳು ಬಂದವು. ಅವುಗಳ ಹಿಂದೆ ಮಿಕ್ಸಿಗಳು, ಇಸ್ತ್ರಿಪೆಟ್ಟಿಗೆಗಳು. ಹೊಲಿಗೆಯಂತ್ರ ಮೂಲೆಗೆ ಸರಿಯಿತು. ಕೆಲವು ತಿಂಗಳ ಮೇಲೆ ಹೆಸರಿನ ಒಡೆಯರಿಂದ ನೋಟೀಸೂ ಬಂತು: ಹೆಸರನ್ನು ಕೂಡಲೇ ಅಳಿಸತಕ್ಕದ್ದು.

ನಾನು ಅವರ ಮನೆಯಲ್ಲೇ ಸೊಂಟ ಕಟ್ಟಿ ನಾಲ್ಕು ಪುಟದ ಉತ್ತರಕ್ಕೆ ಕೂತೆ. ಎರಡನೇ ಪುಟ ಮುಗಿಯುವುದರೊಳಗೆ ಮಹದೇವಮ್ಮ ಸೀಮೆಎಣ್ಣೆಯ ಬಟ್ಟೆಯಿಂದ ‘ಮೆಲ್ದನಿ’ಯನ್ನು ಉಜ್ಜಿ ತೆಗೆದಿದ್ದರು. ‘ರಿಪೇರಿ’ ಉಳಿದಿತ್ತು.

“ಆ ಜಾಗದಲ್ಲಿ ನಿಮ್ಮ ಹೆಸರು ಬರೆಯಲೇ?” ಎಂದೆ.

“ಬ್ಯಾಡಿ ಕಣ್ರೀ. ಬರುದ್ರೆ ಅದ್ನೂ ಯಾರಾದ್ರೂ ಕೊಂಡ್ಕೊಬುಟ್ಟಾರು” ಎಂದು ಅವರು ಮುಂದಿನ ಮಿಕ್ಸಿಯನ್ನು ಹತ್ತಿರಕ್ಕೆ ಎಳೆದುಕೊಂಡರು.