ನನ್ನ ಚೆಂಡು ಕುಸುಬಿ ಎಣ್ಣೆ ಕುಡಿದ ದಿನ

ನಿಲಂಗಾದಿಂದ ಉದಗೀರಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲವನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ, ಎತ್ತಲಾರದೆ ನನ್ನ ಮುಖ ನೋಡಿದ.

"ಆಜೀ, ಕಾಯ ಆಹೆ ಹ್ಯಾತ? ಏನದ ಇದ್ರಾಗ, ಬೀಸೂಕಲ್ಲೇನ್ರಿ?"

"ಹೈ-ಪರ್ಫಾರ್ಮನ್ಸ್ ಬೌಲಿಂಗ್ ಬಾಲ್," ಎಂದೆ, ಓದಿದ ಕಾನ್ವೆಂಟಿನ ಗತ್ತು ಬಿಡದೆ. ಅವನು ಚೀಲವನ್ನು ಕಾಲಿನಿಂದ ಸೀಟಿನಡಿ ದಬ್ಬಿ ಮುಂದೆ ಹೋದ.

ಚೆಂಡು ಸಿಕಂದರಾಬಾದಿನ ನನ್ನ ಅಕ್ಕನದು. ಅವಳ ಮೊಣಕಾಲು ಕೈಕೊಟ್ಟ ಮೇಲೆ ಬೆರಳಿನ ತೂತುಗಳನ್ನು ನನ್ನ ಅಳತೆಗೆ ಹೊಸದಾಗಿ ಕೊರೆಸಿ ಕೊಟ್ಟಿದ್ದಳು. ಒಂದೆರಡು ಬೇಸಿಗೆ ಅವಳ ಜೊತೆ ಆಡಿ ನಾನೂ ಕಲಿತಿದ್ದೆ. ಅದರ ನೀಲಿ ಮೈ ರಿಯಾಕ್ಟಿವ್ ರೆಸಿನ್ ಎಂಬುದರದು. ಕಣ್ಣಿಗೆ ಕಾಣದ ರಂಧ್ರಗಳಿಂದ ಎಣ್ಣೆ ಕುಡಿಯುತ್ತದೆ. ಬೌಲಿಂಗ್ ಲೇನು ಎಂದರೆ ಚೆಂಡು ಉರುಳಿಸುವ ಉದ್ದನೆಯ ಹಲಗೆಯ ಹಾದಿ; ಅದರ ಮುಂಭಾಗಕ್ಕೆ ಎಣ್ಣೆ ಸವರಿ, ಕೊನೆಯ ಭಾಗವನ್ನು ಒಣದಾಗಿಯೇ ಬಿಡುತ್ತಾರೆ. ಚೆಂಡು ಎಣ್ಣೆಯ ಮೇಲೆ ಜಾರುತ್ತದೆ, ಒಣ ಹಲಗೆ ಸಿಕ್ಕೊಡನೆ ಕಚ್ಚಿ ಎಡಕ್ಕೆ ಬಾಗಿ, ತುದಿಯಲ್ಲಿ ನಿಲ್ಲಿಸಿದ ಬಾಟಲಿಯಂಥ ಪಿನ್ನುಗಳ ನಡುವೆ ನುಗ್ಗುತ್ತದೆ. ಆಟ ನಡೆದಂತೆ ಎಣ್ಣೆ ಸವೆದು, ಆ ತಿರುವು ಹತ್ತಿರ ಹತ್ತಿರ ಬರುತ್ತದೆ. ಆಗ ಆಡುವವರು ತಮ್ಮ ಕಾಲಿನ ಜಾಗ ಬದಲಿಸಬೇಕು. ಇದೆಲ್ಲ ನನಗೆ ಬಾಯಿಪಾಠ. ಬಾಯಿಪಾಠ ಮಾತ್ರ.

ಉದಗೀರದಲ್ಲಿ ನನ್ನ ಮೈದುನನದು ಎಣ್ಣೆ ಗಿರಣಿ, ಕಾಳಿನ ವ್ಯಾಪಾರ. ಆ ಸೀಮೆಯ ಹಳ್ಳಿಗಳನ್ನು ನೆಲಸಮ ಮಾಡಿದ ಭೂಕಂಪವಾದ ಮೇಲೆ ಕಲ್ಲಿನ ಗೋದಾಮು ಕೆಡವಿ ಸಿಮೆಂಟಿನದು ಕಟ್ಟಿಸಿದ್ದ. ವ್ಯಾಪಾರ ಮಾರ್ಕೆಟ್ ಯಾರ್ಡಿಗೆ ಹೋದಾಗ ಖಾಲಿ ಬಿದ್ದ ಆ ಉದ್ದನೆಯ ಜಾಗದಲ್ಲಿ ಎರಡು ಲೇನು ಹಾಕಿಸಿದ. ಮೊದಲ ದಿನ ಮನೆಯ ಹೆಣ್ಣುಮಗಳೊಬ್ಬಳು ಚೆಂಡನ್ನು ಎತ್ತಿ ಒಗೆದಳು. ನೆಲ ಧಡ್ ಎಂದದ್ದೇ ತಡ, ಮತ್ತೆ ಭೂಕಂಪವೆಂದು ಓಣಿಯ ಹೆಂಗಸರೆಲ್ಲ ಹೊರಗೆ ಓಡಿ ಬಂದು ರಸ್ತೆಯ ನಡುವೆ ನಿಂತರು. ಒಬ್ಬಾಕೆ ಮಲಗಿದ್ದ ಮೊಮ್ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಅಂದಿನಿಂದ ಮನೆಯ ಹೆಂಗಸರಿಗೆ ಲೇನು ಬಂದ್ ಆಯಿತು.

ಅವರಿಗೆ ಬೇಕಿದ್ದದ್ದು ಮುಂಜಾನೆಯ ಹೊತ್ತು ಮಾತ್ರ, ಗಂಡಸರು ಬರುವ ಮೊದಲು. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಜಗಳಾಡಿ ಒಂದು ಪಂಥಕ್ಕೆ ಒಪ್ಪಿಸಿದಳು: ಮನೆಯ ಹೆಂಗಸು ಯಾರಾದರೂ ಮೈದುನನನ್ನು ಒಂದು ಆಟದಲ್ಲಿ ಸೋಲಿಸಿದರೆ ಮುಂಜಾನೆ ಹೆಂಗಸರದು. ನಂತರ ನನಗೆ ಫೋನ್ ಮಾಡಿದಳು. "ಅಕ್ಕಾ, ನೀ ಬಾ. ಇಷ್ಟ ವರ್ಷ ಬರೇ ಹೇಳ್ಕೋತ ಬಂದಿ, ಈಗ ಆಡಿ ತೋರ್ಸು."

ಹಾಗೆ ಚೆಂಡು ಹೊತ್ತು ಬಂದು ಆಡಲು ನಿಂತೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪೋಶ್ಚರ್: ಬೆನ್ನು ನೇರ, ಗದ್ದ ಮೇಲೆ. ಮೊದಲ ಚೆಂಡು ನುಣ್ಣಗೆ ಜಾರಿ, ಕೊನೆಯಲ್ಲಿ ತಿರುಗಿ ಎಲ್ಲ ಪಿನ್ನುಗಳನ್ನೂ ಉರುಳಿಸಿತು. ಹೆಂಗಸರು ಚಪ್ಪಾಳೆ ತಟ್ಟಿದರು.

"ದಿಸ್ ಇಸ್ ಕಾಲ್ಡ್ ಎ ಸ್ಟ್ರೈಕ್, ತಮ್ಮಾ," ಎಂದೆ.

"ಗೊತ್ತದರಿ ವೈನಿ. ಲೇನ್ ನಾನೇ ಹಾಕ್ಸೀನಿ," ಎಂದ ಮೈದುನ.

ಇನ್ನೂ ಮೂರ್ನಾಲ್ಕು ಸರದಿ ಹೀಗೇ ನಡೆದಿದ್ದರೆ ನನ್ನ ಜೊತೆ ಬದುಕುವುದು ಕಷ್ಟವಾಗುತ್ತಿತ್ತು. ದೇವರು ದೊಡ್ಡವನು. ಚೆಂಡು ಅರ್ಧ ದಾರಿಯಲ್ಲೇ ತಿರುಗಿ ಲೇನಿನ ಎಡ ಅಂಚಿನ ತಗ್ಗು ಗಟರಿಗೆ ಬೀಳತೊಡಗಿತು. ಲೈಟು ಸರಿಯಿಲ್ಲ ಎಂದೆ. ಸೀರೆ ತೊಡಕಾಗುತ್ತಿದೆ ಎಂದೆ. ಕೊನೆಗೆ ಚೆಂಡು ಒರೆಸಲು ಹೋದರೆ ಸೆರಗು ಅಂಟಿಕೊಂಡಿತು, ಅಡುಗೆಮನೆಯ ವಾಸನೆ.

"ತಮ್ಮಾ, ಲೇನಿಗೆ ಏನ ಹಚ್ಚಿ?"

"ನಮ್ಮ ಗಿರಣಿದೇ ಕುಸುಬಿ ಎಣ್ಣಿ ರೀ. ಕಂಪನಿದು ಮುಗದದ. ಮನ್ಯಾಗ ಡಬ್ಬಿಗಟ್ಲೆ ಇರೋವಾಗ ಹೊರಗಿಂದ ಯಾಕ ತರಸೂದು? ಶುದ್ಧ ಮಾಲ."

ಕುಸುಬಿ ಎಣ್ಣೆ ತೆಳ್ಳಗೆ ಹರಡಿ ಬಿಟ್ಟರೆ ಅಂಟಾಗುತ್ತದೆ. ರೊಟ್ಟಿಯ ಹಂಚಿನ ಅಂಚು ತಿಕ್ಕಿದ ಯಾವ ಹೆಂಗಸಿಗೂ ಅದು ಗೊತ್ತು. ಅವನು ದಿನವೂ ಹಳೆಯದರ ಮೇಲೆ ಹೊಸದು ಸವರಿದ್ದ. ಮೇಲಿನ ಹಸಿ ಎಣ್ಣೆಯನ್ನು ನನ್ನ ಚೆಂಡೇ ಕುಡಿದು ಮುಗಿಸಿತ್ತು. ಅಡಿಯ ಅಂಟು ಈಗ ಅದನ್ನು ಹಿಡಿದು ತಿರುಗಿಸುತ್ತಿತ್ತು. ಏನೂ ಕುಡಿಯದ ಅವನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು ಮಾತ್ರ ನೆಟ್ಟಗೆ ಹೋಗುತ್ತಿತ್ತು.

"ಚೆಂಡಿಗಿ ಬೈಯೂದು ಬಿಟ್ಟು ನೀನರ ಆಚೆ ಸರಿ ಅಕ್ಕಾ," ಎಂದಳು ನೆಗೆಣ್ಣಿ.

ಸರಿದೆ. ಎಡಕ್ಕೆ, ಇನ್ನೂ ಎಡಕ್ಕೆ, ನನ್ನ ಒಂದು ಕಾಲು ಪಕ್ಕದ ಲೇನಿಗೆ ಹೋಗುವವರೆಗೆ. ಅಲ್ಲಿಂದ ಬಲಗಡೆಯ ಗಟರಿನತ್ತ ಬಿಟ್ಟೆ. ನೋಡುವವರಿಗೆ ಮುದುಕಿಗೆ ತಲೆ ತಿರುಗಿದೆ ಎನಿಸಿರಬೇಕು. ಚೆಂಡು ಗಟರಿನ ಅಂಚು ಮುಟ್ಟಿ ನಡುವಿನ ಪಿನ್ನುಗಳತ್ತ ತಿರುಗಿತು. ಹಾಗೆ ಆಡುತ್ತ ಕಳೆದುಕೊಂಡದ್ದನ್ನೆಲ್ಲ ಕೂಡಿಸಿದೆ. ಕಡೆಯ ಸರದಿಯ ಮೊದಲ ಚೆಂಡಿಗೆ ಬಲಮೂಲೆಯ ಒಂದು ಪಿನ್ನು ಬಿಟ್ಟು ಉಳಿದದ್ದೆಲ್ಲ ಬಿತ್ತು. ಎರಡನೆಯ ಚೆಂಡಿಗೆ ಅದೊಂದು ಬಿದ್ದರೆ ಮುಂಜಾನೆ ಹೆಂಗಸರದು.

ನನ್ನ ಚೆಂಡು ಆ ಮೂಲೆಗೆ ಹೋಗುವಂತಿರಲಿಲ್ಲ. ಮತ್ತೆ ಎಡಕ್ಕೇ ತಿರುಗುತ್ತಿತ್ತು. ಇಂಥಲ್ಲಿ ಅಕ್ಕನೂ ನೆಟ್ಟಗೆ ಹೋಗುವ ಸಾದಾ ಪ್ಲಾಸ್ಟಿಕ್ ಚೆಂಡೇ ತೆಗೆಯುತ್ತಿದ್ದಳು. ನಾನು ಮೈದುನನ ಕಡೆ ಕೈ ಚಾಚಿದೆ.

"ನಿಮ್ಮ ಹೈ-ಪರ್ಫಾರ್ಮನ್ಸಿಗಿ ಏನಾತ್ರಿ ವೈನಿ?"

"ಅಜೀರ್ಣ ಆಗ್ಯದ. ನಿಂದು ಕೊಡು."

ಅದರ ತೂತುಗಳಲ್ಲಿ ನನ್ನ ಬೆರಳುಗಳು ಸಡಿಲವಾಗಿ ಅಲ್ಲಾಡುತ್ತಿದ್ದವು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಎರಡೂ ಕೈಯಿಂದ ಚೆಂಡನ್ನು ನೆಲದ ಮೇಲೆ ದೂಡಿದೆ. ಸಿಸ್ಟರ್ ನೋಡಿದ್ದರೆ ಮುಖ ತಿರುಗಿಸುತ್ತಿದ್ದರು. ಚೆಂಡು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಪಿನ್ನಿಗೆ ತಾಗಿ ನಿಂತಂತಾಯಿತು. ಪಿನ್ನು ತೂಗಾಡಿ, ಯೋಚಿಸಿ, ಮಲಗಿತು.

"ಇದೂ ಒಂದು ಆಟ ಅಂತೀರೇನು?" ಎಂದ ಮೈದುನ.

"ಸಪ್ಪಳ ಆತೇನು?" ಎಂದಳು ಅವನ ಹೆಂಡತಿ. "ಓಣ್ಯಾಗ ಯಾರರ ಓಡಿ ಬಂದಾರೇನು ನೋಡ್ರಿ. ಮುಂಜಾನಿ ನಮ್ದು."

ಮರುದಿನ ಮುಂಜಾನೆ ನನ್ನ ನೀಲಿ ಚೆಂಡು ಬಚ್ಚಲಮನೆಯ ಬಕೆಟ್ಟಿನ ಬಿಸಿನೀರಿನಲ್ಲಿ ಕುಡಿದ ಎಣ್ಣೆ ಬಿಡುತ್ತ ಕೂತಿತ್ತು. ಲೇನಿನ ಮುಂದೆ ಹೆಂಗಸರ ಸಾಲು. ಎಲ್ಲರಿಗೂ ಬೇಕಾದದ್ದು ಆ ಕಿತ್ತಳೆ ಚೆಂಡು. ಎಲ್ಲರೂ ಬಗ್ಗಿ ಎರಡೂ ಕೈಯಿಂದ ದೂಡುವವರೇ. ನಾನು ಬೆನ್ನು ನೇರ ಮಾಡಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ.